ಮಕ್ಕಳ ಹಾಕಿ ಅಭ್ಯಾಸ: ಸಾಲು, ಚೆಂಡು ಮತ್ತು ಡ್ರಿಲ್ ಮೇಷ್ಟ್ರು

ಹಾಕಿ ಎಂಬ ಒಂದೇ ಹೆಸರಿನಲ್ಲಿ ಎರಡು ಆಟಗಳಿವೆ. ಕೆನಡಾದಲ್ಲಿಯೂ ಅಮೆರಿಕದ ಉತ್ತರದ ರಾಜ್ಯಗಳಲ್ಲಿಯೂ ನೆಲೆಸಿರುವ ಕನ್ನಡಿಗರ ಮಕ್ಕಳಿಗೆ ಹಾಕಿ ಎಂದರೆ ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ರಬ್ಬರಿನ ಪಕ್ ಅಟ್ಟುವ ಆಟ. ಭಾರತ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಅದೇ ಮಾತಿಗೆ ಮೈದಾನದ ಹಾಕಿ ಎಂದೇ ಅರ್ಥ. ನಾನು ವಾಸಿಸುವ ಟೌರಂಗಾದಲ್ಲಿ ಖಾಯಂ ಐಸ್ ರಿಂಕ್ ಇಲ್ಲ. ಸ್ಕೇಟ್ ಕಲಿಯಬೇಕೆನ್ನುವವರು ಸುಮಾರು ಇನ್ನೂರು ಕಿಲೋಮೀಟರ್ ದೂರದ ಆಕ್ಲೆಂಡಿಗೆ ಹೋಗಬೇಕು. ಇಲ್ಲಿಯ ಮಕ್ಕಳು ಚಳಿಗಾಲದ ಸಂಜೆಗಳಲ್ಲಿ ಸ್ಟಿಕ್ ಹಿಡಿದು ಬರುವುದು ಮೌಂಟ್ ಮೌಂಗನುಯಿಯ ಬ್ಲೇಕ್ ಪಾರ್ಕಿನ ಕೃತಕ ಹುಲ್ಲಿನ ಅಂಕಣಗಳಿಗೆ. ಆಟದ ನೆಲ ಬೇರೆಯಾದರೂ, ಎಂಟರಿಂದ ಹದಿಮೂರು ವರ್ಷದ ಮಕ್ಕಳಿಗೆ ಕೌಶಲ ಕಲಿಸುವ ಸಮಸ್ಯೆ ಎರಡರಲ್ಲಿಯೂ ಒಂದೇ. ಆದ್ದರಿಂದ ಈ ಲೇಖನ ಮುಖ್ಯವಾಗಿ ಮೈದಾನದ ಹಾಕಿಯನ್ನು ಕುರಿತದ್ದಾದರೂ, ಮಂಜಿನ ಹಾಕಿಯ ಅನುಭವವನ್ನೂ ಬೇಕಾದಲ್ಲಿ ಬಳಸಿಕೊಳ್ಳುತ್ತದೆ.

ಈ ಸಮಸ್ಯೆ ಒಂದು ಪದದಿಂದಲೇ ಆರಂಭವಾಗುತ್ತದೆ. ಕರ್ನಾಟಕದ ಶಾಲೆಗಳಲ್ಲಿ ಓದಿದ ನಮ್ಮ ತಲೆಮಾರಿಗೆ ಡ್ರಿಲ್ ಎಂದೊಡನೆ ನೆನಪಾಗುವವರು ಡ್ರಿಲ್ ಮೇಷ್ಟ್ರು: ಕೊರಳಿನಲ್ಲಿ ಸೀಟಿ, ಕೈಯಲ್ಲಿ ಬೆತ್ತ, ಎದುರಿಗೆ ತೋಳಳತೆಯ ಅಂತರದಲ್ಲಿ ಸಾಲುಗಟ್ಟಿದ ಮಕ್ಕಳು. ಎಲ್ಲರೂ ಏಕಕಾಲಕ್ಕೆ ಕೈಯೆತ್ತಿ ಏಕಕಾಲಕ್ಕೆ ಇಳಿಸಿದರೆ ಅದು ಒಳ್ಳೆಯ ಡ್ರಿಲ್. ಆಟದ ಅಭ್ಯಾಸಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರಿರುವುದರಿಂದ, ಮಕ್ಕಳಿಗೆ ತರಬೇತಿ ಕೊಡಲು ಹೊರಟ ತಂದೆತಾಯಿಗಳು ಅರಿವಿಲ್ಲದೆಯೇ ಆ ಕವಾಯತಿನ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ನಾನೂ ಹಾಗೆಯೇ ಹೊರಟವನು.

ಸರದಿಯ ಲೆಕ್ಕ

ನಾನು ವೃತ್ತಿಯಿಂದ ವೈದ್ಯ. ಹಾಕಿ ತರಬೇತುದಾರನಾದದ್ದು ಬೇರೆ ಯಾರೂ ಮುಂದೆ ಬರಲಿಲ್ಲವೆಂಬ ಒಂದೇ ಕಾರಣಕ್ಕೆ. ನ್ಯೂಜಿಲೆಂಡಿನಲ್ಲಿ ಶಾಲಾ ತಂಡಗಳನ್ನು ನಡೆಸುವವರಲ್ಲಿ ಬಹುಪಾಲು ಸ್ವಯಂಸೇವಕರಾದ ಪೋಷಕರೇ. ಮೊದಲ ವರ್ಷ ಹನ್ನೆರಡು ಮಕ್ಕಳ ತಂಡಕ್ಕೆ ಕಾಗದದ ಮೇಲೆ ಬಾಣದ ಗುರುತು ಹಾಕಿ ಅಭ್ಯಾಸವನ್ನು ರೂಪಿಸಿದ್ದೆ. ಐದು ಕೋನುಗಳ ನಡುವೆ ಅಂಕುಡೊಂಕಾಗಿ ಚೆಂಡನ್ನು ಒಯ್ದು, ಗೋಲಿಗೆ ಹೊಡೆದು, ಓಡಿ ಬಂದು ಸಾಲಿನ ಕೊನೆಗೆ ನಿಲ್ಲಬೇಕು. ಬೇಲಿಯಾಚೆ ನಿಂತ ಪೋಷಕರಿಗೆ ಅದು ಬಹಳ ಮೆಚ್ಚುಗೆಯಾಯಿತು. ಎಷ್ಟು ಶಿಸ್ತು, ಎಂದರು. ಸಾಲಿನ ಕೊನೆಯ ಹುಡುಗಿಯೊಬ್ಬಳು ಗಲ್ ಹಕ್ಕಿಗಳನ್ನು ಎಣಿಸುತ್ತಿದ್ದುದನ್ನು ನಾನು ಗಮನಿಸಿದೆ, ಆದರೆ ಅದರ ಅರ್ಥ ಹೊಳೆಯಲಿಲ್ಲ. ಮರುವರ್ಷ ಅವಳು ಬರಲಿಲ್ಲ. ವಿಚಾರಿಸಿದಾಗ ಅವಳ ತಾಯಿ ಸಂಕೋಚದಿಂದಲೇ ಹೇಳಿದರು: "ಅಲ್ಲಿ ಬರೀ ನಿಂತುಕೊಳ್ಳುವುದೇ ಆಗುತ್ತದೆ ಅಂತಾಳೆ."

ಆ ರಾತ್ರಿ ಲೆಕ್ಕ ಹಾಕಿದೆ. ಒಂದು ಮಗುವಿನ ಸರದಿಗೆ ಹದಿನೈದು ಸೆಕೆಂಡು. ಹನ್ನೆರಡು ನಿಮಿಷಗಳಲ್ಲಿ 48 ಸರದಿ. ಹನ್ನೆರಡು ಮಕ್ಕಳಿಗೆ ಹಂಚಿದರೆ ತಲೆಗೆ ನಾಲ್ಕು. ಅಂದರೆ ಹನ್ನೆರಡು ನಿಮಿಷದ ಅಭ್ಯಾಸದಲ್ಲಿ ಪ್ರತಿ ಮಗುವಿಗೆ ಚೆಂಡು ಸಿಕ್ಕಿದ್ದು ಒಂದೇ ನಿಮಿಷ. ಹನ್ನೆರಡು ಮಿಲಿಗ್ರಾಂ ಔಷಧ ಬರೆದುಕೊಟ್ಟು ರೋಗಿಯ ಹೊಟ್ಟೆಗೆ ಒಂದು ಮಿಲಿಗ್ರಾಂ ಮಾತ್ರ ಸೇರುತ್ತಿದ್ದರೆ ಯಾವ ವೈದ್ಯನೂ ಸುಮ್ಮನಿರುವುದಿಲ್ಲ. ಸಾಲು ಒಂದರ ಬದಲು ನಾಲ್ಕಾದರೆ ಅದೇ ಅವಧಿಯಲ್ಲಿ ಪ್ರತಿ ಮಗುವಿಗೆ ಹದಿನಾರು ಸರದಿ, ನಾಲ್ಕು ನಿಮಿಷ. ಸಾಲೇ ಇಲ್ಲದೆ ಪ್ರತಿಯೊಬ್ಬರ ಬಳಿಯೂ ಒಂದು ಚೆಂಡಿದ್ದರೆ ಪೂರ್ತಿ ಹನ್ನೆರಡು ನಿಮಿಷ. ಅಂದಿನಿಂದ ಯಾವ ಡ್ರಿಲ್ಲನ್ನು ಕಂಡರೂ ನಾನು ಕೇಳುವ ಮೊದಲ ಪ್ರಶ್ನೆ, ಇದರಲ್ಲಿ ಒಂದು ಮಗು ಎಷ್ಟು ಬಾರಿ ಚೆಂಡು ಮುಟ್ಟುತ್ತದೆ ಎಂಬುದು. ಎರಡನೆಯದು, ಮುಟ್ಟುವ ಮೊದಲು ಅದು ಏನನ್ನಾದರೂ ನೋಡಿ ನಿರ್ಧರಿಸಬೇಕಾಗುತ್ತದೆಯೇ ಎಂಬುದು.

ಬಾಗಿಲಾಟ, ಇಬ್ಬರಿಗೊಬ್ಬ, ನಾಲ್ಕು ಗೋಲು

ನಾನು ಅತಿ ಹೆಚ್ಚು ಬಳಸುವ ಅಭ್ಯಾಸವನ್ನು ಮಕ್ಕಳು ಬಾಗಿಲಾಟವೆಂದು ಕರೆಯುತ್ತಾರೆ. ಸುಮಾರು ಇಪ್ಪತ್ತು ಮೀಟರ್ ಚೌಕದಲ್ಲಿ ಇಪ್ಪತ್ತು ಕೋನುಗಳನ್ನು ಜೋಡಿಜೋಡಿಯಾಗಿ ಚೆಲ್ಲಾಪಿಲ್ಲಿ ಇಟ್ಟರೆ ಹತ್ತು ಬಾಗಿಲು. ಪ್ರತಿ ಮಗುವೂ ತನ್ನ ಚೆಂಡಿನೊಂದಿಗೆ ಒಂದು ನಿಮಿಷದಲ್ಲಿ ಎಷ್ಟು ಬಾಗಿಲು ದಾಟಿದೆನೆಂದು ತಾನೇ ಎಣಿಸಿಕೊಳ್ಳಬೇಕು. ಒಂದೇ ಬಾಗಿಲನ್ನು ಬೆನ್ನುಬೆನ್ನಿಗೆ ಎರಡು ಬಾರಿ ದಾಟುವಂತಿಲ್ಲ. ಎರಡನೆಯ ನಿಮಿಷದಲ್ಲಿ ಅವರವರ ಎಣಿಕೆಯನ್ನು ಅವರವರೇ ಮೀರಬೇಕು. ಪಕ್ಕದವನ ಸಂಖ್ಯೆಯನ್ನು ನಾನು ಕೇಳುವುದೇ ಇಲ್ಲ. ಮೂರನೆಯ ನಿಮಿಷದಲ್ಲಿ ಚೆಂಡಿಲ್ಲದ ಇಬ್ಬರು ಕಳ್ಳರನ್ನು ಒಳಗೆ ಬಿಡುತ್ತೇನೆ. ಚೆಂಡು ಕಳೆದುಕೊಂಡವನೇ ಕಳ್ಳ. ಹೊರಗಿನಿಂದ ನೋಡುವವರಿಗೆ ಇದು ಸಂತೆ. ಒಳಗೆ ಮಾತ್ರ ಪ್ರತಿ ಮಗುವೂ ತಲೆಯೆತ್ತಿ ಖಾಲಿ ಬಾಗಿಲನ್ನು ಹುಡುಕುತ್ತಿರುತ್ತದೆ, ಡಿಕ್ಕಿ ತಪ್ಪಿಸಿಕೊಳ್ಳುತ್ತಿರುತ್ತದೆ, ವೇಗ ಬದಲಿಸುತ್ತಿರುತ್ತದೆ. ಅಂಕುಡೊಂಕಿನ ಸಾಲಿನಲ್ಲಿ ಕೋನುಗಳು ಎಲ್ಲಿವೆಯೆಂದು ಮೊದಲೇ ಗೊತ್ತಿರುವುದರಿಂದ ಮಗು ಚೆಂಡನ್ನಷ್ಟೇ ನೋಡುತ್ತದೆ. ಪಂದ್ಯದಲ್ಲಿಯೂ ಚೆಂಡನ್ನಷ್ಟೇ ನೋಡುವ ಅಭ್ಯಾಸ ಅಲ್ಲಿಂದಲೇ ಬರುತ್ತದೆ.

ಎರಡನೆಯದು ಇಬ್ಬರಿಗೊಬ್ಬ. ಹತ್ತು ಮೀಟರ್ ಅಗಲ, ಹದಿನೈದು ಮೀಟರ್ ಉದ್ದದ ಜಾಗದಲ್ಲಿ ದಾಳಿಗೆ ಇಬ್ಬರು, ತಡೆಯಲು ಒಬ್ಬರು. ಇಂಥ ನಾಲ್ಕು ಜಾಗಗಳನ್ನು ಏಕಕಾಲಕ್ಕೆ ನಡೆಸಿದರೆ ಹನ್ನೆರಡು ಮಕ್ಕಳಿಗೂ ಕೆಲಸವಿರುತ್ತದೆ. ಚೆಂಡಿರುವವನು ಪಾಸ್ ಕೊಡಬೇಕೋ, ತಾನೇ ನುಗ್ಗಬೇಕೋ ಎಂಬ ಒಂದೇ ಪ್ರಶ್ನೆಯನ್ನು ಈ ಆಟ ಮತ್ತೆ ಮತ್ತೆ ಕೇಳುತ್ತದೆ. ಇಲ್ಲಿ ತರಬೇತುದಾರನ ಬಾಯಿಯೇ ದೊಡ್ಡ ಅಡ್ಡಿ. "ಪಾಸ್ ಕೊಡು, ಪಾಸ್ ಕೊಡು" ಎಂದು ಕೂಗಿದರೆ ಮಗು ಪಾಸ್ ಕೊಡುತ್ತದೆ, ಆದರೆ ನಿರ್ಧರಿಸಿದವರು ನಾವು. ಆಟ ನಿಂತ ಮೇಲೆ, "ತಡೆಯುವವಳು ಯಾರ ಕಡೆಗೆ ವಾಲಿದ್ದಳು?" ಎಂದು ಕೇಳುವುದು ಮೇಲು. ಉತ್ತರ ಬರದಿದ್ದರೂ ಅಡ್ಡಿಯಿಲ್ಲ. ಮುಂದಿನ ಸಲ ಮಗು ನೋಡುತ್ತದೆ.

ಮೂರನೆಯದರಲ್ಲಿ ಎರಡು ಕಡೆಯೂ ಮೂವರು, ಆದರೆ ಪ್ರತಿ ಕಡೆಗೂ ಒಂದರ ಬದಲು ಎರಡು ಪುಟ್ಟ ಗೋಲುಗಳು, ಮೂಲೆಗೊಂದು. ಒಂದು ಗೋಲಿನ ಮುಂದೆ ಜನ ಸೇರಿದೊಡನೆ ಇನ್ನೊಂದು ಖಾಲಿಯಾಗುತ್ತದೆ. ಮೈದಾನವನ್ನು ಅಗಲವಾಗಿ ಬಳಸಬೇಕೆಂದು ವರ್ಷಗಟ್ಟಲೆ ಬೋಧಿಸಿದರೂ ಬಾರದ ತಿಳಿವಳಿಕೆ ಈ ಎರಡನೆಯ ಗೋಲಿನಿಂದ ತಾನಾಗಿ ಬರುವುದನ್ನು ಕಂಡಿದ್ದೇನೆ. ಜಾಗವನ್ನು ಕಿರಿದು ಮಾಡಿದರೆ ಚೆಂಡಿನ ಹಿಡಿತ, ಹಿರಿದು ಮಾಡಿದರೆ ಓಟ, ಒಬ್ಬನನ್ನು ಕಡಿಮೆ ಮಾಡಿದರೆ ಸಹಕಾರ. ಹೀಗೆ ನಿಯಮ ಬದಲಿಸುವುದೇ ಇಲ್ಲಿ ಕಲಿಸುವ ವಿಧಾನ.

ಇಷ್ಟು ಹೇಳಿದ ಮಾತ್ರಕ್ಕೆ ಮಕ್ಕಳನ್ನು ಸುಮ್ಮನೆ ಆಡಲು ಬಿಟ್ಟರೆ ಸಾಕೆಂದು ತಿಳಿಯಬಾರದು. ಎಂಟರಲ್ಲಿ ಹಿಡಿತ ತಪ್ಪಾದರೆ ಹದಿನಾಲ್ಕರಲ್ಲಿ ಅದನ್ನು ತಿದ್ದುವುದು ಕಷ್ಟ. ಎಡಗೈ ಸ್ಟಿಕ್ಕಿನ ತುದಿಯಲ್ಲಿ, ಬಲಗೈ ಅರ್ಧಕ್ಕಿಂತ ಸ್ವಲ್ಪ ಮೇಲೆ. ಸ್ಟಿಕ್ಕನ್ನು ತಿರುಗಿಸುವುದು ಎಡಗೈಯ ಕೆಲಸ; ಬಲಗೈ ಸಡಿಲವಾದ ಬಳೆಯಂತೆ ಅದರ ಸುತ್ತ ಇರಬೇಕು. ಚೆಂಡನ್ನು ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ಸ್ಟಿಕ್ ತಿರುಗಿಸುತ್ತ ಎಳೆಯುವ ವಿಧಾನಕ್ಕೆ ಜಗತ್ತಿನಾದ್ಯಂತ ಇಂಡಿಯನ್ ಡ್ರಿಬಲ್ ಎಂದೇ ಹೆಸರು. ಟೌರಂಗಾದ ಮಕ್ಕಳೂ ಅದನ್ನು ಆ ಹೆಸರಿನಿಂದಲೇ ಕಲಿಯುತ್ತಾರೆ, ಆಗ ನಮ್ಮ ಮನೆಯ ಮಕ್ಕಳ ಮುಖ ನೋಡಬೇಕು. ಕೆನಡಾದಿಂದ ಇಲ್ಲಿಗೆ ಬಂದ ಕುಟುಂಬಗಳು ಎಡಚ ಮಗುವಿಗೆ ಎಡಗೈ ಸ್ಟಿಕ್ ಎಲ್ಲಿ ಸಿಗುತ್ತದೆಂದು ಕೇಳುವುದುಂಟು. ಮಂಜಿನ ಹಾಕಿಯಲ್ಲಿ ಎರಡೂ ಬಗೆಯವು ಇವೆ. ಮೈದಾನದ ಹಾಕಿಯಲ್ಲಿ ಎಡಗೈ ಸ್ಟಿಕ್ ಎಂಬುದಿಲ್ಲ. ಚಪ್ಪಟೆ ಮುಖ ಯಾವಾಗಲೂ ಎಡಭಾಗದಲ್ಲೇ ಇರುತ್ತದೆ, ಆ ಮುಖದಿಂದಲೇ ಚೆಂಡನ್ನು ಆಡಬೇಕು. ಎಡಚ ಮಕ್ಕಳಿಗೆ ಇದರಿಂದ ನಷ್ಟವೇನೂ ಇಲ್ಲ, ಮುಖ್ಯ ಕೆಲಸ ಎಡಗೈಯದೇ ಆದ್ದರಿಂದ.

ಅಂದವಾಗಿ ಕಾಣುವ ಅಭ್ಯಾಸ, ಉಳಿಯುವ ಅಭ್ಯಾಸ

ಒಂದೇ ಚಲನೆಯನ್ನು ನೂರು ಸಲ ಹಾಗೆಯೇ ಮಾಡಿದರೆ ಅದು ಕರಗತವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಸರಳೆವರಸೆ, ಮಗ್ಗಿ, ಕಾಪಿ ಬರವಣಿಗೆಗಳಲ್ಲಿ ಬೆಳೆದವರಿಗೆ ಇದು ಸಹಜ. ಆದರೆ ಎದುರಾಳಿಯಿರುವ ಆಟ ಸಂಗೀತದಂತಲ್ಲ. ರಾಗವನ್ನು ಕಸಿದುಕೊಳ್ಳಲು ಯಾರೂ ಓಡಿ ಬರುವುದಿಲ್ಲ.

ಸೋವಿಯತ್ ಶರೀರಶಾಸ್ತ್ರಜ್ಞ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಉಳಿಯ ಮೇಲೆ ಸುತ್ತಿಗೆ ಹೊಡೆಯುವ ನುರಿತ ಕಾರ್ಮಿಕರ ಚಲನೆಯನ್ನು ಚಿತ್ರೀಕರಿಸಿ ಅಳೆದರು. ಸುತ್ತಿಗೆ ಪ್ರತಿಸಲವೂ ಬೀಳಬೇಕಾದ ಕಡೆಯೇ ಬೀಳುತ್ತಿತ್ತು, ಆದರೆ ಭುಜ, ಮೊಣಕೈ, ಮಣಿಕಟ್ಟುಗಳ ಹಾದಿ ಎರಡು ಹೊಡೆತಗಳಲ್ಲಿ ಒಂದೇ ಆಗಿರಲಿಲ್ಲ. ನುರಿತವನು ಒಂದೇ ಪರಿಹಾರವನ್ನು ಪುನರಾವರ್ತಿಸುವುದಿಲ್ಲ, ಪ್ರತಿಸಲವೂ ಪರಿಹಾರ ಹುಡುಕುವ ಕೆಲಸವನ್ನು ಪುನರಾವರ್ತಿಸುತ್ತಾನೆ ಎಂಬುದು ಅವರ ನಿಲುವು. 1979ರಲ್ಲಿ ಅಮೆರಿಕದ ಶಿಯಾ ಮತ್ತು ಮಾರ್ಗನ್ ಪ್ರಕಟಿಸಿದ ಪ್ರಯೋಗ ಇನ್ನೊಂದು ಮಗ್ಗುಲನ್ನು ತೋರಿಸಿತು. ಕೈಚಲನೆಯ ಮೂರು ಕೆಲಸಗಳನ್ನು ಒಂದು ಗುಂಪು ಒಂದಾದ ಮೇಲೊಂದರಂತೆ ಮುಗಿಸಿ ಕಲಿಯಿತು, ಇನ್ನೊಂದು ಗುಂಪು ಬೆರೆಸಿ ಬೆರೆಸಿ ಕಲಿಯಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಚುರುಕು. ಹತ್ತು ದಿನಗಳ ನಂತರ ಪರೀಕ್ಷಿಸಿದಾಗ ಬೆರೆಸಿ ಕಲಿತವರು ಮುಂದಿದ್ದರು.

ಬೇಲಿಯಾಚೆಯ ಪೋಷಕರು ತಪ್ಪುವುದು ಇಲ್ಲಿಯೇ. ಅಂದು ಸಂಜೆ ಅಚ್ಚುಕಟ್ಟಾಗಿ ಕಂಡದ್ದು ಶನಿವಾರದ ಪಂದ್ಯಕ್ಕೆ ಉಳಿದಿರುತ್ತದೆಯೆಂದು ಹೇಳಲಾಗದು. ತಪ್ಪುಗಳು, ಡಿಕ್ಕಿಗಳು, ಹೊರಗೆ ಉರುಳಿಹೋದ ಚೆಂಡುಗಳು ಕೆಟ್ಟ ಅಭ್ಯಾಸದ ಲಕ್ಷಣವೇ ಆಗಬೇಕಾಗಿಲ್ಲ. ಹತ್ತರಲ್ಲಿ ಆರೇಳು ಸಲ ಯಶಸ್ಸು, ಉಳಿದಂತೆ ಸೋಲು ಎಂಬಷ್ಟು ಕಷ್ಟವಿದ್ದರೆ ನನಗೆ ಸಮಾಧಾನ. ಇದು ಯಾವ ಅಧ್ಯಯನದ ಅಂಕಿಯೂ ಅಲ್ಲ, ನನ್ನ ಅಂದಾಜು.

ಮಂಜಿನ ಮೇಲೆ

ಈ ವಿಚಾರವನ್ನು ಸಂಸ್ಥೆಯ ಮಟ್ಟದಲ್ಲಿ ಮೊದಲು ಗಂಭೀರವಾಗಿ ಜಾರಿಗೆ ತಂದವರಲ್ಲಿ ಮಂಜಿನ ಹಾಕಿಯವರು ಸೇರುತ್ತಾರೆ. ರಿಂಕಿನ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಕೊಡಬೇಕಾದ್ದರಿಂದ ಸಾಲಿನಲ್ಲಿ ನಿಂತ ಪ್ರತಿ ಮಗುವೂ ಖರ್ಚೇ. ಯುಎಸ್‌ಎ ಹಾಕಿ ಸಂಸ್ಥೆ 2009ರಲ್ಲಿ ವಯಸ್ಸಿಗೆ ತಕ್ಕ ತರಬೇತಿಯ ಮಾದರಿಯೊಂದನ್ನು ಆರಂಭಿಸಿತು. ರಿಂಕನ್ನು ಅಡ್ಡಲಾಗಿ ಭಾಗ ಮಾಡಿ ಪುಟ್ಟ ಮಕ್ಕಳನ್ನು ಸಣ್ಣ ಜಾಗಗಳಲ್ಲಿ ಆಡಿಸುವುದು ಅದರ ಮುಖ್ಯ ಅಂಶ. ಹಾಕಿ ಕೆನಡಾ 2017–18ರ ಋತುವಿನಿಂದ ಅತಿ ಕಿರಿಯ ವರ್ಗಕ್ಕೆ ಇದನ್ನು ಕಡ್ಡಾಯ ಮಾಡಿತು. ನಿಜವಾದ ಹಾಕಿಯನ್ನು ಕಸಿದುಕೊಂಡರೆಂದು ಅನೇಕ ಪೋಷಕರು ಸಿಟ್ಟಾದರು. ಸುಮಾರು 61 ಮೀಟರ್ ಉದ್ದದ ರಿಂಕಿನಲ್ಲಿ ಆರು ವರ್ಷದ ಮಗು ಮಾಡುವ ಕೆಲಸವೆಂದರೆ ಚುರುಕಾದ ಒಬ್ಬನ ಬೆನ್ನು ನೋಡುತ್ತ ಸ್ಕೇಟ್ ಮಾಡುವುದು ಮಾತ್ರ. ನ್ಯೂಜಿಲೆಂಡಿನ ಹಾಕಿ ಸಂಸ್ಥೆಯ ಸ್ಮಾಲ್ ಸ್ಟಿಕ್ಸ್ ಕಾರ್ಯಕ್ರಮವೂ ಇದೇ ದಾರಿಯದು: ಕಿರಿಯರಿಗೆ ಚಿಕ್ಕ ಅಂಕಣ, ಕಡಿಮೆ ಆಟಗಾರರು. ಹಿರಿಯರ ಅಂಕಣದ ಉದ್ದ 91.4 ಮೀಟರ್ ಎಂಬುದನ್ನು ನೆನೆದರೆ ಕಾರಣ ತಿಳಿಯುತ್ತದೆ.

ಮಂಜಿನ ಹಾಕಿಗೆ ಒಂದು ವಿಶೇಷವಿದೆ. ಸ್ಕೇಟಿನ ಅಂಚುಗಳ ಮೇಲೆ ನಿಲ್ಲಲು, ತಿರುಗಲು, ಮುಖ್ಯವಾಗಿ ನಿಲ್ಲಿಸಲು ಬಾರದ ಮಗುವಿಗೆ ಯಾವ ಸಣ್ಣ ಆಟವೂ ಆಟವಾಗುವುದಿಲ್ಲ. ಆದ್ದರಿಂದ ಅಲ್ಲಿ ಪ್ರತಿ ಅಭ್ಯಾಸದ ಮೊದಲ ಭಾಗ ಸ್ಕೇಟಿಂಗಿಗೇ ಮೀಸಲಾಗಬೇಕು. ಅದನ್ನೂ ಸಾಲಿನಲ್ಲಿ ನಿಲ್ಲಿಸದೆ ಹಿಡಿಯುವಾಟದಂತೆ ಆಡಿಸಬಹುದು.

ಮೈಯಿಂದ ಮೈಗೆ ಡಿಕ್ಕಿ ಹೊಡೆದು ತಡೆಯುವ ಬಾಡಿ ಚೆಕಿಂಗ್ ಬಗ್ಗೆ ಪೋಷಕರು ತಿಳಿದಿರಬೇಕಾದ ಒಂದು ಅಧ್ಯಯನವಿದೆ. ಕೆನಡಾದ ಆಲ್ಬರ್ಟಾದಲ್ಲಿ ಹನ್ನೊಂದು-ಹನ್ನೆರಡರ ಮಕ್ಕಳಿಗೆ ಇದಕ್ಕೆ ಅವಕಾಶವಿತ್ತು, ಕ್ವಿಬೆಕ್‌ನಲ್ಲಿ ಇರಲಿಲ್ಲ. ಎರಡು ಪ್ರಾಂತ್ಯಗಳನ್ನು ಹೋಲಿಸಿ 2010ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಆಲ್ಬರ್ಟಾದ ಮಕ್ಕಳಿಗೆ ಪಂದ್ಯಗಳಲ್ಲಿ ಮಿದುಳಿನ ಆಘಾತದ ಅಪಾಯ ಮೂರು ಪಟ್ಟಿಗೂ ಹೆಚ್ಚು. ಬೇಗ ಕಲಿತರೆ ಮುಂದೆ ಸುರಕ್ಷಿತ ಎಂಬ ವಾದವನ್ನು ಕೇಳುತ್ತಲೇ ಬಂದಿದ್ದ ಹಾಕಿ ಕೆನಡಾ 2013ರಲ್ಲಿ ಆ ವಯೋವರ್ಗದಿಂದ ಅದನ್ನು ತೆಗೆದುಹಾಕಿತು. ಆ ವಯಸ್ಸಿನವರಿಗೆ ಕಲಿಸಬೇಕಾದದ್ದು ಎದುರಾಳಿಯನ್ನು ಕೋನ ಹಿಡಿದು ಬದಿಗೆ ಒತ್ತರಿಸುವ ಸ್ಕೇಟಿಂಗ್.

ಕೊಡಗು ಮತ್ತು ಮಾಂಟ್ರಿಯಲ್

ತರಬೇತುದಾರರಿಲ್ಲದೆ ಕಲಿಯುವುದರ ಉದಾಹರಣೆ ನಮ್ಮಲ್ಲಿಯೇ ಇದೆ. ಮ್ಯೂನಿಕ್ ಒಲಿಂಪಿಕ್ಸಿನ ಕಂಚು ಗೆದ್ದ ತಂಡದ ಎಂ. ಪಿ. ಗಣೇಶ್, 1980ರ ಮಾಸ್ಕೋ ಚಿನ್ನದ ತಂಡದ ಎಂ. ಎಂ. ಸೋಮಯ್ಯ, ಈಚಿನ ಎಸ್. ವಿ. ಸುನಿಲ್ ಮೊದಲಾದವರನ್ನು ಕೊಟ್ಟ ಕೊಡಗಿನಲ್ಲಿ ಹಾಕಿ ಮನೆತನದ ಆಟ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಮೊದಲ ವರ್ಷ 60 ಕುಟುಂಬಗಳು ಬಂದವು. 2024ರಲ್ಲಿ ನಾಪೋಕ್ಲುವಿನಲ್ಲಿ 360. ಅಜ್ಜ, ಸೊಸೆ, ಶಾಲಾ ಬಾಲಕ ಒಂದೇ ತಂಡದಲ್ಲಿ ಆಡುವುದುಂಟು. ವಯಸ್ಸು ಬೆರೆತ ಇಂಥ ಆಟದಲ್ಲಿ ಚಿಕ್ಕವರು ಹಿರಿಯರ ಶಕ್ತಿಗೆ ಎದುರಾಗಿ ಚಾಣಾಕ್ಷತೆಯನ್ನು ಕಲಿಯುತ್ತಾರೆ. ಅಂಗಳದ ಲಗೋರಿಯೂ ಹೀಗೆಯೇ ಕಲಿಸುತ್ತಿತ್ತು.

ಅಷ್ಟೇ ಸಾಕಾಗುತ್ತದೆಯೇ? ಸಾಕಾಗುವುದಿಲ್ಲ ಎಂಬುದಕ್ಕೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಸಾಕ್ಷಿ. ಒಲಿಂಪಿಕ್ ಹಾಕಿ ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ನಡೆದದ್ದು ಅಲ್ಲಿ. ಫೈನಲಿನಲ್ಲಿ ಆಸ್ಟ್ರೇಲಿಯಾವನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದದ್ದು ನ್ಯೂಜಿಲೆಂಡ್. ಆ ತಂಡದಲ್ಲಿ ರಮೇಶ್ ಪಟೇಲ್, ಮೋಹನ್ ಪಟೇಲ್ ಎಂಬ ಭಾರತೀಯ ಮೂಲದ ಇಬ್ಬರಿದ್ದರು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತಕ್ಕೆ ಏಳನೆಯ ಸ್ಥಾನ. ಹುಲ್ಲಿನ ಮೇಲೆ ಪುಟಿಯುವ ಚೆಂಡನ್ನು ಪಳಗಿಸುವುದೇ ಅರ್ಧ ಆಟ. ಕೃತಕ ನೆಲದಲ್ಲಿ ಚೆಂಡು ನೇರವಾಗಿಯೂ ವೇಗವಾಗಿಯೂ ಬರುತ್ತದೆ. ಮೊದಲ ಸ್ಪರ್ಶದಲ್ಲಿಯೇ ಮುಂದಿನ ದಿಕ್ಕನ್ನು ನಿರ್ಧರಿಸಿದವನು ಗೆಲ್ಲುತ್ತಾನೆ. ಆದ್ದರಿಂದ ಚೆಂಡನ್ನು ನಿಲ್ಲಿಸಿ ಆಮೇಲೆ ಯೋಚಿಸುವ ಅಭ್ಯಾಸವನ್ನು ನಾನು ಮಕ್ಕಳಿಗೆ ಮಾಡಿಸುವುದಿಲ್ಲ. ಜೋಡಿಯಾಗಿ ಪಾಸ್ ಮಾಡುವಾಗಲೂ ಚೆಂಡು ಸ್ಟಿಕ್ಕಿಗೆ ತಾಗುವ ಮೊದಲು ನನ್ನ ಕೈಯ ಬೆರಳೆಷ್ಟೆಂದು ಹೇಳಬೇಕು.

ಮೈಯ ಲೆಕ್ಕ

ಇನ್ನು ನನ್ನ ವೃತ್ತಿಯ ಮಾತು. ಒಂಬತ್ತರಿಂದ ಹದಿನೈದರ ನಡುವೆ ಮೂಳೆ ಉದ್ದವಾಗುವ ವೇಗಕ್ಕೆ ಸ್ನಾಯು ಮತ್ತು ಅವುಗಳ ಕಂಡರಗಳು ಹೊಂದಿಕೊಳ್ಳಲು ಸಮಯ ಬೇಕು. ಹಿಮ್ಮಡಿಯಲ್ಲಿ, ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ನೋವು ಕಾಣಿಸಿಕೊಳ್ಳುವುದು ಆಗಲೇ. ಇವು ಬಹುತೇಕ ತಾವಾಗಿ ಗುಣವಾಗುವಂಥವು, ಆದರೆ ಭಾರ ತಗ್ಗಿಸಬೇಕು. ಕುಂಟುತ್ತಿರುವ ಮಗುವನ್ನು ಆಡಿಸಬಾರದು ಎಂಬುದಕ್ಕೆ ವಿನಾಯಿತಿಯಿಲ್ಲ. ಹಾಕಿಯಲ್ಲಿ ಬೆನ್ನು ಬಗ್ಗಿಸಿ ತಿರುಗುವುದು ಹೆಚ್ಚಾದ್ದರಿಂದ ಹದಿಹರೆಯದವರ ಸೊಂಟನೋವು ಎರಡು-ಮೂರು ವಾರ ಉಳಿದರೆ ಬೆನ್ನೆಲುಬಿನ ಒತ್ತಡದ ಬಿರುಕನ್ನು ವೈದ್ಯರು ಪರಿಶೀಲಿಸಬೇಕು. ಡ್ರ್ಯಾಗ್ ಫ್ಲಿಕ್ಕನ್ನು ದಿನಕ್ಕೆ ಐವತ್ತು ಸಲ ಅಭ್ಯಾಸ ಮಾಡುವ ಹದಿಮೂರರ ಹುಡುಗನ ಉತ್ಸಾಹವನ್ನು ನಾನು ತಗ್ಗಿಸುತ್ತೇನೆ.

ವಾರದ ಒಟ್ಟು ಲೆಕ್ಕವನ್ನು ಮನೆಯವರೇ ಇಡಬೇಕು. ಹಾಕಿ ತರಬೇತುದಾರನಿಗೆ ಈಜು ಗೊತ್ತಿಲ್ಲ, ಈಜಿನವರಿಗೆ ಭರತನಾಟ್ಯ ಗೊತ್ತಿಲ್ಲ. ನೀರೂ ಜಯಂತಿ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ತಮ್ಮ ವಯಸ್ಸಿನ ಸಂಖ್ಯೆಗಿಂತ ಹೆಚ್ಚು ಗಂಟೆ ಸಂಘಟಿತ ಕ್ರೀಡೆಯಲ್ಲಿ ತೊಡಗಿದ ಮಕ್ಕಳಲ್ಲಿ ಅತಿಬಳಕೆಯ ಗಂಭೀರ ಗಾಯಗಳು ಹೆಚ್ಚಾಗಿ ಕಂಡವು. ಹತ್ತು ವರ್ಷದವರಿಗೆ ಹತ್ತು ಗಂಟೆ ಮಿತಿ ಎಂದಿಟ್ಟುಕೊಳ್ಳಬಹುದು. ನೃತ್ಯವನ್ನೂ ನಾನು ಈ ಲೆಕ್ಕಕ್ಕೆ ಸೇರಿಸುತ್ತೇನೆ, ಹಿಮ್ಮಡಿಗೆ ಎರಡರ ವ್ಯತ್ಯಾಸ ತಿಳಿಯದು. ನ್ಯೂಜಿಲೆಂಡಿನಲ್ಲಿ ಹಾಕಿ, ಕ್ರಿಕೆಟ್, ರಗ್ಬಿ, ಫುಟ್‌ಬಾಲ್, ನೆಟ್‌ಬಾಲ್ ಸಂಸ್ಥೆಗಳು 2019ರಲ್ಲಿ ಕೂಡಿ, ಎಳೆಯರನ್ನು ಒಂದೇ ಆಟಕ್ಕೆ ಬೇಗ ಕಟ್ಟಿಹಾಕುವುದನ್ನು ವಿರೋಧಿಸುವ ಹೇಳಿಕೆಗೆ ಸಹಿ ಮಾಡಿವೆ. ನಮ್ಮ ಮನೆಗಳಲ್ಲಿ ಈ ಮಾತು ಇನ್ನೂ ಸುಲಭವಾಗಿ ಇಳಿಯುತ್ತಿಲ್ಲ.

ಹಲ್ಲುಗವಚ ಮತ್ತು ಮೊಣಕಾಲ ಕೆಳಗಿನ ಪ್ಯಾಡ್ ಇಲ್ಲದೆ ಅಭ್ಯಾಸಕ್ಕೂ ಇಳಿಸಬಾರದು. ತಲೆಗೆ ಪೆಟ್ಟಾಗಿ ಆಘಾತದ ಅನುಮಾನ ಬಂದರೆ ಅಂದಿಗೆ ಆಟ ಮುಗಿಯಿತು; ಮಗು ಚೆನ್ನಾಗಿದ್ದೇನೆಂದು ಹೇಳಿದರೂ ಸರಿಯೇ. ಇಲ್ಲಿಯ ಅಪಘಾತ ಪರಿಹಾರ ನಿಗಮವಾದ ಎಸಿಸಿಯ 2024ರ ಮಾರ್ಗಸೂಚಿಯಂತೆ ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಕಳೆದಿರಬೇಕು, ವೈದ್ಯರ ಒಪ್ಪಿಗೆಯೂ ಇರಬೇಕು. 1974ರಿಂದ ಇರುವ ಈ ವ್ಯವಸ್ಥೆ ಯಾರ ತಪ್ಪೆಂದು ಕೇಳದೆ ಗಾಯದ ಚಿಕಿತ್ಸೆಗೆ ನೆರವಾಗುತ್ತದೆ, ಭೇಟಿಗೆ ಬಂದ ವಿದೇಶಿಯರಿಗೂ ಅನ್ವಯಿಸುತ್ತದೆ. ರಜೆಗೆ ಬಂದ ಮೊಮ್ಮಗ ಆಟದಲ್ಲಿ ಬಿದ್ದು ಕೈ ಮುರಿದುಕೊಂಡರೆ ಅಜ್ಜಿ ಹೆದರಬೇಕಿಲ್ಲ.

ಒಂದು ಗಂಟೆ

ಈಗ ನಾನು ಒಂದು ಗಂಟೆಯನ್ನು ಹೀಗೆ ಕಳೆಯುತ್ತೇನೆ. ಮೊದಲ ಹತ್ತು ನಿಮಿಷ ಚೆಂಡಿನೊಂದಿಗೆ ಹಿಡಿಯುವಾಟ. ಒಂಟಿಕಾಲಿನ ಕುಪ್ಪಳಿಕೆ, ಜಿಗಿದು ಮಂಡಿ ಮಡಿಸಿ ಇಳಿಯುವುದು ಇತ್ಯಾದಿ ಅದರೊಳಗೇ ಸೇರಿರುತ್ತವೆ. ಐದು ನಿಮಿಷ ಹಿಡಿತವೋ ಪಾಸೋ, ಒಂದೇ ಒಂದು ಅಂಶ. ಬಾಗಿಲಾಟ ಹತ್ತು ನಿಮಿಷ, ಇಬ್ಬರಿಗೊಬ್ಬ ಹದಿನೈದು ನಿಮಿಷ, ಉಳಿದದ್ದೆಲ್ಲ ಪುಟ್ಟ ಪಂದ್ಯಗಳು. ನಾನು ಸತತವಾಗಿ ಅರ್ಧ ನಿಮಿಷಕ್ಕಿಂತ ಹೆಚ್ಚು ಮಾತಾಡಿದರೆ ಸಮಯ ನೋಡುವ ಹೊಣೆಯನ್ನು ಹತ್ತು ವರ್ಷದ ಹುಡುಗಿಯೊಬ್ಬಳಿಗೆ ವಹಿಸಿದ್ದೇನೆ, ಅವಳು ದಾಕ್ಷಿಣ್ಯವಿಲ್ಲದೆ ಕೈ ಎತ್ತುತ್ತಾಳೆ. ಮಳೆಯ ದಿನ ಕೋನುಗಳನ್ನು ಕಡಿಮೆ ಮಾಡಿ ಪಂದ್ಯ ಹೆಚ್ಚಿಸುವುದು ಒಳ್ಳೆಯದು, ನಿಂತರೆ ಚಳಿ ಹಿಡಿಯುತ್ತದೆ. ಸಾಮಾನು ಹೆಚ್ಚೇನೂ ಬೇಡ: ಎರಡು ಬಣ್ಣದ ಬಿಬ್‌ಗಳು, ಇಪ್ಪತ್ತು ಚಪ್ಪಟೆ ಕೋನುಗಳು, ತಲೆಗೊಂದು ಚೆಂಡು, ಮೇಲೆ ನಾಲ್ಕು ಹೆಚ್ಚುವರಿ. ಆ ನಾಲ್ಕು ಸಾಮಾನ್ಯವಾಗಿ ಜುಲೈ ಹೊತ್ತಿಗೆ ಬೇಲಿಯಾಚೆಯ ಪೊದೆಗಳಲ್ಲಿ ಸೇರಿರುತ್ತವೆ.